ಪಾಲೆಯ ತೊಗಟೆ, ಪಾಟಿಯ ಹಲಗೆ

ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ, ಸೂರ್ಯನಿನ್ನೂ ಮೂಡದ ಹೊತ್ತಿನಲ್ಲಿ, ಮಳೆ ಬಿಟ್ಟೂ ಬಿಡದಂತಿರುವ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬಗಳ ಕಾಡಂಚಿನಲ್ಲಿ, ಮನೆಗೊಬ್ಬರಂತೆ ಕೈಯಲ್ಲಿ ಕಲ್ಲು ಹಿಡಿದು ಪಾಲೆಮರದ ಬುಡಕ್ಕೆ ಹೋಗುವುದುಂಟು. ಕಬ್ಬಿಣ ಸೋಕಬಾರದೆಂಬುದು ಹಿರಿಯರ ಕಟ್ಟಳೆಯಾದುದರಿಂದ ಕಲ್ಲಿನಿಂದಲೇ ಜಜ್ಜಿ ತೊಗಟೆಯನ್ನು ತೆಗೆದು, ಮನೆಗೆ ತಂದು, ಅರೆದು ಹಿಂಡಿದ ರಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮಗಳನ್ನು ಕೂಡಿಸಿ, ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ ಒಗ್ಗರಣೆ ಕೊಟ್ಟು, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಮುಖ ಕಿವಿಚಿಕೊಂಡು ಕುಡಿದು, ಆ ಕಹಿಯ ಉಷ್ಣ ಇಳಿಯಲೆಂದು ಮೆಂತೆಯ ಗಂಜಿಯನ್ನು ಉಣ್ಣುತ್ತಾರೆ.

ಈ ಕಷಾಯದ ವಿಷಯದಲ್ಲಿ ಎಲ್ಲರೂ ಅರಿತಿರಬೇಕಾದ ಭಯವೊಂದುಂಟು. ಪಾಲೆ ಬೆಳೆಯುವ ಕಾಡಿನಲ್ಲಿಯೇ ಕಾಸರಕವೂ ಬೆಳೆಯುತ್ತದೆ. ಅದರ ತೊಗಟೆಯಲ್ಲಿಯೂ ಬೀಜದಲ್ಲಿಯೂ ಇರತಕ್ಕ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳು ಸ್ನಾಯುಗಳನ್ನು ಸೆಟೆಯಿಸಿ ಪ್ರಾಣವನ್ನೇ ತೆಗೆಯಬಲ್ಲವು. ಮುಂಜಾವದ ಮಬ್ಬಿನಲ್ಲಿ ಒಂದನ್ನು ಇನ್ನೊಂದೆಂದು ಬಗೆದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಆಗೊಮ್ಮೆ ಈಗೊಮ್ಮೆ ಬರುವುದರಿಂದ, ಬಲ್ಲವರು ಹಿಂದಿನ ಹಗಲೇ ಹೋಗಿ ಮರವನ್ನು ಗುರುತಿಸಿಟ್ಟು ಬರುತ್ತಾರೆ. ಒಂದೇ ಗಿಣ್ಣಿನ ಸುತ್ತಲೂ ಏಳರಷ್ಟು ಎಲೆಗಳು ಹೊರಟಿದ್ದು, ಗಾಯ ಮಾಡಿದಲ್ಲಿ ಹಾಲು ಒಸರಿದರೆ ಅದು ಪಾಲೆ. ಎಲೆಗಳು ಎದುರುಬದುರಾಗಿ ಎರಡೆರಡಿದ್ದು ಹಾಲು ಬಾರದಿದ್ದರೆ ಆ ಮರದ ಗೊಡವೆ ಬೇಡ. ಔಷಧದ್ರವ್ಯವನ್ನು ಅದರ ರೂಪಲಕ್ಷಣಗಳಿಂದ ಗುರುತಿಸುವ, ಅದರಂತೆಯೇ ತೋರುವ ಬೇರೆ ದ್ರವ್ಯವನ್ನು ತಡೆಯುವ ಈ ವಿದ್ಯೆಗೆ ಫಾರ್ಮಸಿ ಕಾಲೇಜಿನಲ್ಲಿ ಫಾರ್ಮಾಕಾಗ್ನಸಿ ಎಂದು ಹೆಸರು. ಅದಕ್ಕೊಂದು ಪಠ್ಯವುಂಟು, ಪ್ರಯೋಗಶಾಲೆಯುಂಟು, ಪರೀಕ್ಷೆಯುಂಟು. ಕಾಡಂಚಿನ ಅಜ್ಜನಿಗೆ ಇವಾವುವೂ ಇಲ್ಲ. ಅಜ್ಜನ ಸಂಗಡ ಮರದ ಬುಡಕ್ಕೆ ಹೋಗಿ ಬಂದ ಮೊಮ್ಮಗಳು ನಾಳೆ ಆ ಕಾಲೇಜಿನ ಬಾಗಿಲಿಗೆ ಬಂದು ನಿಂತರೆ, ಅವಳು ಏನನ್ನು ಬಲ್ಲಳೆಂಬುದನ್ನು ಅಲ್ಲಿ ಕೇಳುವವರಿಲ್ಲ. ಏನನ್ನು ಅರಿಯಳೆಂಬುದು ಮಾತ್ರ ಮೊದಲ ವಾರದಲ್ಲಿಯೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಪಾಲೆಯನ್ನು ಸಂಸ್ಕೃತದಲ್ಲಿ ಸಪ್ತಪರ್ಣವೆನ್ನುತ್ತಾರೆ. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಅದಕ್ಕೆ ಇಟ್ಟ ಹೆಸರು ಆಲ್‌ಸ್ಟೋನಿಯಾ ಸ್ಕಾಲಾರಿಸ್. ಮೊದಲಿನ ಪದ ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರವನ್ನು ಕಲಿಸುತ್ತಿದ್ದ ಚಾರ್ಲ್ಸ್ ಆಲ್‌ಸ್ಟನ್ ಎಂಬಾತನ ನೆನಪಿಗೆ. ಎರಡನೆಯದು ಶಾಲೆಗೆ ಸಂಬಂಧಪಟ್ಟದ್ದು, ಏಕೆಂದರೆ ಈ ಮರದ ಹಗುರವಾದ ಹಲಗೆಯಿಂದ ಶಾಲಾಮಕ್ಕಳು ಬರೆಯುವ ಪಾಟಿಗಳನ್ನು ಮಾಡುತ್ತಿದ್ದರಂತೆ. ಮದ್ದಿಗೆ ತೊಗಟೆಯನ್ನೂ ಪಾಠಕ್ಕೆ ಹಲಗೆಯನ್ನೂ ಒಂದೇ ಮರವು ಕೊಟ್ಟಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ತೊಗಟೆಯನ್ನು ಬಲ್ಲವರಿಗೆ ಹಲಗೆ ದೊರೆಯದೆಯೂ, ಹಲಗೆ ದೊರೆತವರಿಗೆ ತೊಗಟೆಯ ಪರಿಚಯವಿಲ್ಲದೆಯೂ ನಾವು ಇಷ್ಟು ಕಾಲ ಹೇಗೆ ನಡೆಸಿಕೊಂಡು ಬಂದೆವೆಂಬುದೇ ಈ ಬರಹದ ವಿಷಯ.

ಔಷಧಶಿಕ್ಷಣದಲ್ಲಿ ಸಮನ್ಯಾಯ, ವೈವಿಧ್ಯ, ಒಳಗೊಳ್ಳುವಿಕೆ ಎಂಬ ಮೂರು ಶಬ್ದಗಳು ಈಗ ಜಗತ್ತಿನಾದ್ಯಂತ ಒಟ್ಟೊಟ್ಟಿಗೆ ಸಂಚರಿಸುತ್ತಿವೆ. ಒಟ್ಟಾಗಿ ನಡೆಯುವ ಶಬ್ದಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ. ಅವು ಸಭೆಯಿಂದ ಸಭೆಗೆ ಹೋಗುತ್ತವೆಯೇ ಹೊರತು ಮನೆಯ ಅಂಗಳಕ್ಕೆ ಇಳಿಯುವುದು ಕಡಿಮೆ. ಆದರೂ ಮೊದಲಿನ ಶಬ್ದದ ಅರ್ಥವನ್ನು ಫಾರ್ಮಸಿಯ ಮೊದಲ ವರ್ಷದ ಪಾಠವೇ ಎಲ್ಲಕ್ಕಿಂತ ಚೆನ್ನಾಗಿ ಹೇಳಿಕೊಡುತ್ತದೆ. ಮಕ್ಕಳಿಗೆ ಎಷ್ಟು ಮದ್ದು ಕೊಡಬೇಕೆಂಬುದನ್ನು ಲೆಕ್ಕಹಾಕಲು ಯಂಗ್ ಎಂಬಾತನ ಹಳೆಯ ಸೂತ್ರವೊಂದುಂಟು: ಮಗುವಿನ ವಯಸ್ಸನ್ನು, ಆ ವಯಸ್ಸಿಗೆ 12 ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ, ದೊಡ್ಡವರ ಪ್ರಮಾಣದಿಂದ ಗುಣಿಸಬೇಕು, 4 ವರ್ಷದ ಮಗುವಿಗೆ ದೊಡ್ಡವರದರ ಕಾಲುಭಾಗ. ಎಲ್ಲರಿಗೂ ಒಂದೇ ಪ್ರಮಾಣವನ್ನು ಕೊಡುವವನನ್ನು ಯಾವ ಅಧ್ಯಾಪಕನೂ ನಿಷ್ಪಕ್ಷಪಾತಿಯೆಂದು ಹೊಗಳಲಾರ, ಪರೀಕ್ಷೆಯಲ್ಲಿ ನಪಾಸು ಮಾಡುತ್ತಾನೆ. ದೇಹವನ್ನು ನೋಡಿ ಪ್ರಮಾಣವನ್ನು ನಿಶ್ಚಯಿಸಬೇಕೆಂದು ಬೋಧಿಸುವ ಈ ಶಾಸ್ತ್ರವು ತನ್ನ ವಿದ್ಯಾರ್ಥಿಗಳಿಗೆ ಮಾತ್ರ, ಅವರು ಬಂದ ದಾರಿಯನ್ನು ನೋಡದೆ, ಒಂದೇ ಪ್ರಮಾಣದ ಪಾಠವನ್ನು ಒಂದೇ ವೇಗದಲ್ಲಿ ಕುಡಿಸುತ್ತದೆ.

ಈ ಶಿಕ್ಷಣದ ಇತಿಹಾಸವನ್ನು ಸ್ವಲ್ಪದರಲ್ಲಿ ಹೇಳಬೇಕು. ನಮ್ಮ ದೇಶದಲ್ಲಿ ಔಷಧಗಳನ್ನು ಕೂಡಿಸಿ ಕೊಡುವ ಕೆಲಸ ಬಹುಕಾಲ ಕಂಪೌಂಡರುಗಳದಾಗಿತ್ತು. ದವಾಖಾನೆಯಲ್ಲಿ ವೈದ್ಯರ ಪಕ್ಕದಲ್ಲಿ ನಿಂತು, ಸೀಸೆಗೆ ಕಾಗದದ ಗುರುತು ಅಂಟಿಸಿ, ನೋಡಿ ನೋಡಿ ಕಲಿತವರು ಅವರು. 1930ರಲ್ಲಿ ರಾಮನಾಥ ಚೋಪ್ರಾರವರ ಅಧ್ಯಕ್ಷತೆಯಲ್ಲಿ ನೇಮಕವಾದ ಔಷಧ ವಿಚಾರಣಾ ಸಮಿತಿಯು ಈ ಅವ್ಯವಸ್ಥೆಯನ್ನು ಪರಿಶೀಲಿಸಿತು. ಮಹಾದೇವಲಾಲ್ ಶ್ರಾಫ್ ಅವರು 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧವಿಜ್ಞಾನದ ಪದವಿಶಿಕ್ಷಣಕ್ಕೆ ತಳಹದಿ ಹಾಕಿದರು. 1948ರಲ್ಲಿ ಫಾರ್ಮಸಿ ಕಾಯಿದೆ ಬಂದು, ಮರುವರ್ಷ ಭಾರತೀಯ ಫಾರ್ಮಸಿ ಪರಿಷತ್ತು ರಚಿತವಾಯಿತು. ನಮ್ಮ ಕರಾವಳಿಗೆ ಈ ವಿದ್ಯೆ ಮಣಿಪಾಲದ ಕಾಲೇಜಿನೊಡನೆ 1963ರಲ್ಲಿ ಬಂದಿತು. ಬೆಂಗಳೂರಿನ ಸರಕಾರಿ ಕಾಲೇಜು ಆರಂಭವಾದುದು 1964ರಲ್ಲಿ. ಮಂಗಳೂರಿನ ಬಳಿಯ ದೇರಳಕಟ್ಟೆಯ ಕಡೆಗೆ ಈ ವಿದ್ಯೆ ಕಾಲಿಟ್ಟುದು 1980ರ ದಶಕದಲ್ಲಿ.

1948ರ ಕಾಯಿದೆಯಲ್ಲಿ ಒಂದು ಔದಾರ್ಯವಿತ್ತು, ಅದನ್ನು ನಾವು ಮರೆತಿದ್ದೇವೆ. ಮೊದಲ ನೋಂದಣಿಪುಸ್ತಕವನ್ನು ಸಿದ್ಧಪಡಿಸುವಾಗ, ಪದವಿಯಿಲ್ಲದಿದ್ದರೂ ಆಸ್ಪತ್ರೆಯಲ್ಲಿಯೋ ದವಾಖಾನೆಯಲ್ಲಿಯೋ ಒಟ್ಟು 5 ವರ್ಷಕ್ಕೆ ಕಡಿಮೆಯಿಲ್ಲದಂತೆ ಮದ್ದು ಕೂಡಿಸುವ ಕೆಲಸ ಮಾಡಿದವರ ಹೆಸರನ್ನು ಅದರಲ್ಲಿ ಸೇರಿಸಿಕೊಳ್ಳಲು ಅವಕಾಶವಿತ್ತು. 1976ರ ತಿದ್ದುಪಡಿಯಲ್ಲಿ ಇನ್ನೊಂದು ಬಾಗಿಲು ತೆರೆಯಿತು: ಬರ್ಮಾ, ಶ್ರೀಲಂಕಾ, ಉಗಾಂಡ ಮೊದಲಾದ ದೇಶಗಳಲ್ಲಿಯ ಗಲಭೆಗಳ ಕಾರಣದಿಂದ ಹೊರಟುಬಂದ ಭಾರತಮೂಲದವರಲ್ಲಿ ಈ ಕಸಬನ್ನು ಬಲ್ಲವರಿಗಾಗಿ ನೋಂದಣಿಯ ವಿಶೇಷ ಉಪಬಂಧವೊಂದನ್ನು ಸೇರಿಸಿದರು. ಶ್ರೀಲಂಕಾದ ಹೆಸರನ್ನು ಓದಿದಾಗ ಸುಳ್ಯದವರಿಗೆ ಏನಾದರೂ ನೆನಪಾಗದಿರದು. 1964ರ ಅಕ್ಟೋಬರಿನಲ್ಲಿ ಲಾಲಬಹಾದುರ ಶಾಸ್ತ್ರಿ, ಸಿರಿಮಾವೋ ಭಂಡಾರನಾಯಕೆ ಇವರೊಳಗಾದ ಒಪ್ಪಂದದ ಫಲವಾಗಿ ಅಲ್ಲಿಯ ಚಹಾತೋಟಗಳಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಕೆಲವನ್ನು ಸುಳ್ಯ, ಪುತ್ತೂರು ಸೀಮೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಿಗೆ ಕರೆತಂದು ನೆಲೆಗೊಳಿಸಿದರು. ಮರವನ್ನು ಗೀರಿ ಹಾಲು ತೆಗೆಯುವ ಈ ಜನರಲ್ಲಿ ಕಾಯಿದೆಯ ಆ ಬಾಗಿಲಿನಿಂದ ಒಳಹೋಗಬಲ್ಲ ಔಷಧಜ್ಞರು ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅವರಿಗೆ ಬೇಕಾಗಿದ್ದ ಬಾಗಿಲು ಶಾಲೆಯದು. ಮೂಲದ ಊರು ಒಂದು ರಾಜ್ಯದಲ್ಲಿ, ಹುಟ್ಟಿದ್ದು ಇನ್ನೊಂದು ದೇಶದಲ್ಲಿ, ಬಾಳುವುದು ಮತ್ತೊಂದು ರಾಜ್ಯದಲ್ಲಿ ಎಂದಾದಾಗ ಜಾತಿ ಪ್ರಮಾಣಪತ್ರವೆಂಬ ಒಂದು ಹಾಳೆ ಕಾಗದ ಎಷ್ಟು ತೊಡಕಿನ ವಸ್ತುವಾಗಬಲ್ಲುದೆಂಬುದನ್ನು ಆ ಕಾಲನಿಗಳವರು ಬಹುಕಾಲ ಅನುಭವಿಸಿದ್ದಾರೆ. ಮೀಸಲಾತಿ ಎಂಬುದು ಮೊದಲು ಕಾಗದದ ವಿಷಯ. ಕಾಗದವಿಲ್ಲದ ಬಡತನವನ್ನು ಅದು ಕಾಣದು.

ಈಗಿನ ದಾರಿಗಳು ಹೇಗಿವೆ? ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರವನ್ನೋ ಗಣಿತವನ್ನೋ ಕಲಿತವರು ಎರಡು ವರ್ಷದ ಡಿ.ಫಾರ್ಮಾಕ್ಕೆ ಸೇರಿ, ಬಳಿಕ 500 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಿ, ನೋಂದಾಯಿತ ಫಾರ್ಮಸಿಸ್ಟರಾಗುವ ದಾರಿ ಹಿಡಿಯಬಹುದು. ಸಿಇಟಿ ಬರೆದು ನಾಲ್ಕು ವರ್ಷದ ಬಿ.ಫಾರ್ಮಾಕ್ಕೋ, 2008ರಿಂದ ನಡೆದುಬಂದಿರುವ ಆರು ವರ್ಷದ ಫಾರ್ಮ್.ಡಿ.ಗೋ ಹೋಗಬಹುದು. ಸಿಇಟಿಯ ಸೀಟುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೀಸಲಾತಿಯ ಜತೆಗೆ, 1ರಿಂದ 10ನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕಲಿತವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಶೇಕಡಾ 5 ಎಂಬ ಅಡ್ಡಮೀಸಲಾತಿಯೂ ಉಂಟು. ಕಾಸರಗೋಡಿನ ಕಡೆಯ ಗಡಿನಾಡ ಕನ್ನಡಿಗರು ಅರ್ಜಿ ಹಾಕಲೂ ಅವಕಾಶವಿದೆ. ಇವೆಲ್ಲ ಹೋರಾಡಿ ಪಡೆದ ಸೌಲಭ್ಯಗಳು, ಅವನ್ನು ಹಗುರವಾಗಿ ಕಾಣುವವರೊಡನೆ ನನಗೆ ಜಗಳವುಂಟು. ಆದರೆ ಇವೆಲ್ಲವೂ ಹೊಸ್ತಿಲಿಗೆ ಸಂಬಂಧಪಟ್ಟವು. ಹೊಸ್ತಿಲನ್ನು ದಾಟಿದ ಬಳಿಕ ಎಲ್ಲಿ ಕುಳ್ಳಿರುವುದು, ಯಾವ ಮಾತಿನಲ್ಲಿ ಕೇಳುವುದು, ಅರ್ಥವಾಗದಿದ್ದರೆ ಯಾರ ಮುಖ ನೋಡುವುದು ಎಂಬ ಪ್ರಶ್ನೆಗಳಿಗೆ ಸೀಟು ಹಂಚುವ ಪಟ್ಟಿಯಲ್ಲಿ ಉತ್ತರವಿಲ್ಲ.

ಅಲ್ಲದೆ ಹೊಸ್ತಿಲಿಗೂ ಮೊದಲೇ ಒಂದು ತಡಮೆಯುಂಟು. ಹಳ್ಳಿಯ ಅನೇಕ ಪದವಿಪೂರ್ವ ಕಾಲೇಜುಗಳಲ್ಲಿ ಕಲೆ, ವಾಣಿಜ್ಯಗಳಿರುತ್ತವೆ, ವಿಜ್ಞಾನವಿರುವುದಿಲ್ಲ. ವಿಜ್ಞಾನ ಬೇಕೆಂದರೆ ಪುತ್ತೂರಿಗೋ ಸುಳ್ಯದ ಪೇಟೆಗೋ ದಿನವೂ ಬಸ್ಸು ಹಿಡಿಯಬೇಕು. ಬಸ್ಸು ಇಳಿದು ತೋಟದ ದಾರಿಯಲ್ಲಿ ಮೂರು ನಾಲ್ಕು ಮೈಲು ನಡೆಯಬೇಕಾದ ಹೆಣ್ಣುಮಗಳಿಗೆ, ಮಳೆಗಾಲದ ಸಂಜೆಯ ಪ್ರಯೋಗಶಾಲೆಯ ಅವಧಿಯೆಂದರೆ ವಿದ್ಯೆಯ ಪ್ರಶ್ನೆಯಾಗಿ ಉಳಿಯದೆ ಮನೆಯವರ ಎದೆಬಡಿತದ ಪ್ರಶ್ನೆಯಾಗುತ್ತದೆ. ಕಾಮರ್ಸಾದರೆ ನಾಲ್ಕು ಗಂಟೆಗೆ ಮನೆಗೆ ಬರಬಹುದು ಎಂಬ ಒಂದೇ ಕಾರಣಕ್ಕೆ ಎಷ್ಟು ಮಂದಿ ಕಾಮರ್ಸು ಕಲಿತಿರಬಹುದೆಂದು ನಾನು ಆಗಾಗ ಯೋಚಿಸಿದ್ದೇನೆ.

ಅಂಥವಳೊಬ್ಬಳನ್ನು ಪುತ್ತೂರಿನ ಒಂದು ಮೆಡಿಕಲ್ಲಿನಲ್ಲಿ ಕಂಡ ನೆನಪು ಇನ್ನೂ ಮಾಸಿಲ್ಲ. ಅಂಗಡಿಯ ಮುಂದೆ ನಾನು ನನ್ನ ಚೀಟಿ ಹಿಡಿದು ನಿಂತಿದ್ದಾಗ, ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಮಾತ್ರೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಉಂದೆನ್ ಏಪ ತಿನೊಡು?" ಎಂದು, ಇದನ್ನು ಯಾವಾಗ ತಿನ್ನಬೇಕೆಂದು, ತುಳುವಿನಲ್ಲಿ ಕೇಳಿದರು. ಕೌಂಟರಿನ ಹಿಂದೆ ಇದ್ದ ತರುಣನು ಬೇರೆ ಜಿಲ್ಲೆಯವನಿರಬೇಕು, ಸಭ್ಯನೇ; ಪೊಟ್ಟಣದ ಮೇಲೆ ಬರೆದಿದ್ದ 1-0-1 ಎಂಬುದನ್ನು ಬೆರಳಿನಿಂದ ತೋರಿಸಿ ಮುಗುಳ್ನಕ್ಕ. ಅಜ್ಜಿಗೆ ಆ ಸೊನ್ನೆ ಏನು ಹೇಳೀತು? ಆಗ ಒಳಗೆ ಡಬ್ಬಿ ಜೋಡಿಸುತ್ತಿದ್ದ ಹುಡುಗಿಯೊಬ್ಬಳು ಹೊರಬಂದು, "ಕಾಂಡೆ ಒಂಜಿ, ರಾತ್ರೆಗ್ ಒಂಜಿ, ಒಣಸ್ ಆಯಿ ಬೊಕ್ಕ" (ಬೆಳಿಗ್ಗೆ ಒಂದು, ರಾತ್ರಿಗೆ ಒಂದು, ಊಟವಾದ ಮೇಲೆ) ಎಂದು ಹೇಳಿ, ಅಜ್ಜಿ ಅದನ್ನು ಮರಳಿ ಒಪ್ಪಿಸುವ ತನಕ ಕಾದು, ಆಮೇಲೆ ಪಕ್ಕದಲ್ಲಿದ್ದ ಇನ್ನೊಬ್ಬರೊಡನೆ ಬ್ಯಾರಿ ಮಾತಿನಲ್ಲಿಯೂ ನನ್ನೊಡನೆ ಕನ್ನಡದಲ್ಲಿಯೂ ವ್ಯವಹರಿಸಿದಳು. ಕೇಳಿದರೆ, ಬಿ.ಕಾಂ. ಓದಿ ನಿಲ್ಲಿಸಿದವಳು, ಅಲ್ಲಿ ಕೆಲಸಕ್ಕೆ ಸೇರಿ ಆರು ವರ್ಷವಾಗಿದೆ ಎಂದಳು. ಗೋಡೆಯ ಮೇಲೆ ತೂಗುವ ಪ್ರಮಾಣಪತ್ರ ಅವಳದಲ್ಲ. ಅದನ್ನು ಪಡೆಯುವ ಹಾದಿಯೂ ಅವಳಿಗಿಲ್ಲ. 1948ರಲ್ಲಿ ಆಸ್ಪತ್ರೆಯೊಂದರಲ್ಲಿ ಹೀಗೆಯೇ ಕಲಿತಿದ್ದರೆ 5 ವರ್ಷದ ಅನುಭವದಿಂದ ನೋಂದಣಿಪುಸ್ತಕವನ್ನು ಸೇರಬಹುದಾಗಿತ್ತು. ಇಂದು ಪಿಯುಸಿಯಲ್ಲಿ ವಿಜ್ಞಾನವಿಲ್ಲದ ಕಾರಣ ಡಿ.ಫಾರ್ಮಾಕ್ಕೂ ಅರ್ಹಳಲ್ಲ. ಅನುಭವವೊಂದನ್ನೇ ನೋಡಿ ನೋಂದಣಿ ಮಾಡುವ ಕಾಲಕ್ಕೆ ಮರಳಬೇಕೆಂದು ನಾನು ಹೇಳಲಾರೆ. ಕಾಸರಕವನ್ನು ಪಾಲೆಯೆಂದು ತಿಳಿದು ಕೊಡುವ ಪ್ರಮಾದ ಅಂಗಡಿಯ ಕಪಾಟಿನಲ್ಲಿಯೂ ಆಗಬಲ್ಲುದು, ರಸಾಯನಶಾಸ್ತ್ರವನ್ನು ಓದದವರ ಕೈಗೆ ಆ ಕಪಾಟಿನ ಬೀಗದಕೈ ಕೊಡಲಾಗದು. ಆದರೆ ಅವಳಿಗೂ ರಸಾಯನಶಾಸ್ತ್ರಕ್ಕೂ ನಡುವೆ ಒಂದು ವರ್ಷದ ಸೇತುವೆಯನ್ನು ಕಟ್ಟುವುದು ಅಸಾಧ್ಯವೆಂದು ನಂಬುವುದಕ್ಕೂ ನನಗೆ ಕಾರಣ ಕಾಣದು.

ಏಕೆಂದರೆ ಸೇತುವೆಯ ಕಲ್ಪನೆ ಈ ಶಿಕ್ಷಣಕ್ಕೆ ಹೊಸತಲ್ಲ. ಬಿ.ಫಾರ್ಮಾದ ಮೊದಲ ಸೆಮಿಸ್ಟರಿನಲ್ಲಿ, ಪಿಯುಸಿಯಲ್ಲಿ ಜೀವಶಾಸ್ತ್ರ ಕಲಿಯದೆ ಬಂದವರಿಗೆ ರೆಮೆಡಿಯಲ್ ಬಯಾಲಜಿ ಎಂಬ ವಿಷಯವನ್ನೂ, ಗಣಿತ ಕಲಿಯದೆ ಬಂದವರಿಗೆ ರೆಮೆಡಿಯಲ್ ಮ್ಯಾಥಮೆಟಿಕ್ಸ್ ಎಂಬ ವಿಷಯವನ್ನೂ ಪರಿಷತ್ತೇ ಇಟ್ಟಿದೆ. ಎಂಥ ವಿವೇಕದ ಏರ್ಪಾಡು! ಒಬ್ಬನಿಗೆ ಒಂದು ಕಡೆಯಲ್ಲಿ ಕೊರತೆ, ಇನ್ನೊಬ್ಬನಿಗೆ ಇನ್ನೊಂದು ಕಡೆಯಲ್ಲಿ. ಯಾರ ಕೊರತೆಯೂ ಅವಮಾನವಲ್ಲ. ಅವರವರ ಕೊರತೆಗೆ ತಕ್ಕ ಪ್ರಮಾಣ. ಯಂಗ್ ಸೂತ್ರದ ನ್ಯಾಯವೇ ಇಲ್ಲಿ ಪಠ್ಯಕ್ರಮವಾಗಿದೆ. ಆದರೆ ಜೀವಶಾಸ್ತ್ರವನ್ನೂ ಗಣಿತವನ್ನೂ ಬಲ್ಲ, ಆದರೆ ಅವನ್ನು ಕನ್ನಡದಲ್ಲಿ ಬಲ್ಲ ಹುಡುಗನಿಗೆ ಯಾವ ಸೇತುವೆ? ಅದೇ ಸೆಮಿಸ್ಟರಿನಲ್ಲಿರುವ ಕಮ್ಯುನಿಕೇಷನ್ ಸ್ಕಿಲ್ಸ್ ಎಂಬ ವಿಷಯವು ಸಂದರ್ಶನದಲ್ಲಿ ಹೇಗೆ ಕುಳ್ಳಿರಬೇಕು, ಹೇಗೆ ಮಾತಾಡಬೇಕು ಎಂಬುದನ್ನು ಕಲಿಸುತ್ತದೆ. ಹತ್ತು ವರ್ಷ 'ಪಿತ್ತಜನಕಾಂಗ'ವೆಂದು ಓದಿದ್ದನ್ನು ಒಂದು ರಾತ್ರಿಯಲ್ಲಿ 'ಲಿವರ್' ಎಂದೂ, ಅದರ ಬೆನ್ನಿಗೇ 'ಹೆಪಾಟಿಕ್' ಎಂದೂ ಬದಲಿಸಿಕೊಳ್ಳಬೇಕಾದವನ ತೊಳಲಾಟ ಅದರ ವ್ಯಾಪ್ತಿಗೆ ಬಾರದು. ಮೊದಲ ಸೆಮಿಸ್ಟರಿನಲ್ಲಿ ಆರು ತಿಂಗಳ ಮಟ್ಟಿಗೆ, ಕನ್ನಡದ ಪಾರಿಭಾಷಿಕವನ್ನು ಆಂಗ್ಲದ ಪಾರಿಭಾಷಿಕದ ಪಕ್ಕದಲ್ಲಿಟ್ಟು ಕಲಿಸುವ ಇನ್ನೊಂದು ರೆಮೆಡಿಯಲ್ ವಿಷಯ ಇರಬೇಕೆಂದು ಹೇಳಿದರೆ ಅದು ಭಾಷಾಭಿಮಾನದ ಮಾತಾಗದು, ಪರಿಷತ್ತಿನ ತತ್ತ್ವವನ್ನೇ ಇನ್ನೊಂದು ಹೆಜ್ಜೆ ಮುಂದೊಯ್ದ ಮಾತು. ನಮ್ಮ ಕಡೆಯಲ್ಲಂತೂ ಕನ್ನಡ ಮಾಧ್ಯಮದ ಹುಡುಗನೆಂದರೆ ಮನೆಯಲ್ಲಿ ಕನ್ನಡವಾಡುವ ಹುಡುಗನೆಂದೇನೂ ಇಲ್ಲ. ಮನೆಯಲ್ಲಿ ತುಳು, ಸುಳ್ಯದ ಗೌಡರ ಮನೆಯಲ್ಲಿ ಅರೆಭಾಷೆ, ನೆಲ್ಯಾಡಿ ಕಡಬಗಳ ರಬ್ಬರು ಕೃಷಿಕರ ಮನೆಯಲ್ಲಿ ಮಲೆಯಾಳ, ಕಾಲನಿಯಲ್ಲಿ ತಮಿಳು, ಇನ್ನೂ ಕೊಂಕಣಿ, ಬ್ಯಾರಿ, ಮರಾಟಿ. ಶಾಲೆಗೆ ಬಂದಾಗ ಕನ್ನಡವೇ ಅವನ ಎರಡನೆಯ ಭಾಷೆ, ಕಾಲೇಜಿನ ಆಂಗ್ಲ ಮೂರನೆಯದು.

ಈ ಭಾಷಾಬಾಹುಳ್ಯವನ್ನು ತರಗತಿಯು ಒಂದು ಅಡಚಣೆಯೆಂದು ಬಗೆಯುತ್ತದೆ. ನನ್ನ ಮಟ್ಟಿಗೆ ಅದು ಅರ್ಧ ಪದವಿ. ಮದ್ದು ಎಂಬ ಶಬ್ದವನ್ನೇ ನೋಡಿ: ತುಳುವಿನಲ್ಲಿ ಮರ್ದ್, ಮಲೆಯಾಳದಲ್ಲಿ ಮರುನ್ನ್, ತಮಿಳಿನಲ್ಲಿ ಮರುಂದು; ನಮ್ಮ ಹಳಗನ್ನಡದಲ್ಲಿಯೂ ಅದು ಮರ್ದು ಎಂದೇ ಇದ್ದಿತು. ಕುಲ ಒಂದೇ, ಆದರೆ ಅರ್ಥದ ಹರಹು ಎಷ್ಟು! ವೈದ್ಯರು ಕೊಡುವುದು ಮದ್ದು, ಕೋವಿಗೆ ತುಂಬುವುದು ಮದ್ದು, ಹಗೆಗೆ ಇಕ್ಕುವುದೂ ಮದ್ದು. ಅಡಕೆಯ ತೋಟದವನು "ನಾಳೆ ಮದ್ದು ಬಿಡಲಿಕ್ಕೆ ಉಂಟು" ಎಂದರೆ ಅವನ ಮನಸ್ಸಿನಲ್ಲಿರುವುದು ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣ. "ಮದ್ದು ಮುಟ್ಟಿದ ಮೇಲೆ ಕೈ ಉರಿ" ಎಂದು ಒಬ್ಬ ಬಂದು ಹೇಳಿದರೆ, ಯಾವ ಮದ್ದು ಎಂದು ಮರಳಿ ಕೇಳಬೇಕೆಂಬುದು ತೋಟದಲ್ಲಿ ಬೆಳೆದವರಿಗೆ ಹೊಳೆಯುತ್ತದೆ. ಬೇರೆಯವರು ಮಾತ್ರೆಯ ಅಲರ್ಜಿಯೆಂದು ಪುಸ್ತಕ ತೆರೆಯುತ್ತಾರೆ. ಭಾಷೆಯ ತಪ್ಪು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಅಮೆರಿಕದ ಉದಾಹರಣೆಯೊಂದನ್ನು ಆ ದೇಶದ ಔಷಧಜ್ಞರೇ ಹೇಳುತ್ತಾರೆ: ದಿನಕ್ಕೆ ಒಂದು ಬಾರಿ ಎಂಬುದನ್ನು ಆಂಗ್ಲದಲ್ಲಿ 'ವನ್ಸ್' ಎಂದು ಬರೆದರೆ, ಅದೇ ಅಕ್ಷರಗಳು ಸ್ಪ್ಯಾನಿಷ್ ಓದುಗನಿಗೆ ಹನ್ನೊಂದು ಎಂಬ ಸಂಖ್ಯೆಯಾಗಿ ಕಾಣುತ್ತವೆ. ನ್ಯೂಯಾರ್ಕ್ ರಾಜ್ಯವು 2012ರಲ್ಲಿ ಕಾನೂನನ್ನೇ ಮಾಡಿ, ದೊಡ್ಡ ಸರಣಿ ಅಂಗಡಿಗಳು ಗ್ರಾಹಕನ ಭಾಷೆಯಲ್ಲಿ ವಿವರಿಸುವ ವ್ಯವಸ್ಥೆಯನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿತು. ನಮಗೆ ದುಬಾಷಿಯನ್ನು ಸಂಬಳ ಕೊಟ್ಟು ತರಬೇಕಾಗಿಲ್ಲ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ಯಾವ ಹುಡುಗಿಯಾದರೂ ನಾಲ್ಕು ಭಾಷೆಗಳನ್ನು ಬಿಟ್ಟಿಯಾಗಿ ಕಲಿತಿರುತ್ತಾಳೆ. ಅವಳಿಗೆ ಆ ಬಿಳಿಯ ಕೋಟನ್ನು ತೊಡಿಸುವುದಷ್ಟೇ ಬಾಕಿ.

ಹೊರಗಿಟ್ಟವರನ್ನು ಒಳಗೆ ಕರೆದುಕೊಳ್ಳುವುದು ಈ ಜಿಲ್ಲೆಗೆ ಅಪರಿಚಿತವಾದ ಕೆಲಸವೂ ಅಲ್ಲ. ದಲಿತರ ಮಕ್ಕಳಿಗೆ ಅಕ್ಷರ ಕಲಿಸಿ ಸ್ವಂತ ಸಮಾಜದ ಬಹಿಷ್ಕಾರವನ್ನು ಉಂಡ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ್ದು 1897ರಲ್ಲಿ. ಸುಳ್ಯದ ವಿಧಾನಸಭಾ ಕ್ಷೇತ್ರ ದಶಕಗಳಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಆದರೂ ನಮ್ಮ ಮೂರು ತಾಲೂಕುಗಳ ಮೆಡಿಕಲ್ಲುಗಳ ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನು ಓದುತ್ತ ಹೋದರೆ ಬುಡಕಟ್ಟಿನವರಾದ ಕೊರಗರದೋ ಮಲೆಕುಡಿಯರದೋ ಹೆಸರು ಎಷ್ಟು ಬಾರಿ ಸಿಕ್ಕೀತು? ಓದುಗರೇ ಮುಂದಿನ ಬಾರಿ ಜ್ವರದ ಮಾತ್ರೆಗೆ ಹೋದಾಗ ಕಣ್ಣೆತ್ತಿ ನೋಡಬಹುದು. ಕೊರಗರಿಂದ ಅಮಾನುಷವಾದ ಅಜಲು ಚಾಕರಿ ಮಾಡಿಸುವುದನ್ನು ರಾಜ್ಯವು ಕಾಯಿದೆಯಿಂದ ನಿಷೇಧಿಸಿದ್ದು 2000ದಲ್ಲಿ ಎಂಬುದನ್ನು ನೆನೆದರೆ, ಆ ಮನೆಯ ಮಗುವು ಸಿಇಟಿಯ ಸಾಲಿಗೆ ಬಂದು ನಿಲ್ಲುವುದರ ಹಿಂದೆ ಎಷ್ಟು ದೂರದ ನಡಿಗೆಯುಂಟೆಂಬುದು ತಿಳಿದೀತು. ಬಂದ ಮೇಲೂ ಶುಲ್ಕವನ್ನು ಕಟ್ಟಬೇಕಾದುದು ವರ್ಷದ ಮೊದಲಲ್ಲಿ, ವಿದ್ಯಾರ್ಥಿವೇತನ ಕೈಸೇರುವುದು ವರ್ಷದ ಕೊನೆಗೆ ಎಂಬ ವಿಚಿತ್ರ ಪಂಚಾಂಗ ಅವರ ಪಾಲಿಗೆ ಕಾದಿರುತ್ತದೆ. ಇನ್ನು ಮಲೆಕುಡಿಯರ ಕಾಡಿನ ಮದ್ದಿನ ಜ್ಞಾನವನ್ನು ನಮ್ಮ ಪ್ರಬಂಧಗಳಲ್ಲಿ ಬಹಳ ಗೌರವದಿಂದ ಉಲ್ಲೇಖಿಸುವುದುಂಟು. ಮಾಹಿತಿ ಕೊಡುವವನ ಸ್ಥಾನದಲ್ಲಿ ಅವನು ಬೇಕು, ಪ್ರಬಂಧ ಬರೆಯುವವನ ಸ್ಥಾನದಲ್ಲಿ ಅವನ ಮಗಳು ಬಂದರೆ ಏನಾದೀತೆಂದು ಯಾರೂ ಪರೀಕ್ಷಿಸಿ ನೋಡಿದಂತಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಬೇರೆ ದೇಶಗಳೂ ಹಿಂದೆ ಬಿಗಿಯಾಗಿಯೇ ಇದ್ದುವು. ಇಂಗ್ಲೆಂಡಿನ ಫಾರ್ಮಸ್ಯೂಟಿಕಲ್ ಸೊಸೈಟಿಯು ಪರೀಕ್ಷೆಯಲ್ಲಿ ತೇರ್ಗಡೆಯಾದ ಇಸಬೆಲ್ಲಾ ಕ್ಲಾರ್ಕ್, ರೋಸ್ ಮಿನ್ಶಲ್ ಎಂಬಿಬ್ಬರು ಸ್ತ್ರೀಯರನ್ನು ವರ್ಷಗಟ್ಟಲೆ ಕಾಯಿಸಿ 1879ರಲ್ಲಿ ಸದಸ್ಯರನ್ನಾಗಿ ಒಪ್ಪಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಬಂದ ಕಮಲಾ ಸೊಹೊನಿಯವರನ್ನು ಹೆಣ್ಣೆಂಬ ಕಾರಣಕ್ಕೆ ಸರ್ ಸಿ. ವಿ. ರಾಮನ್ನರು ಮೊದಲು ನಿರಾಕರಿಸಿ, ಆಕೆ ಪಟ್ಟುಹಿಡಿದಾಗ ಒಂದು ವರ್ಷ ಪರೀಕ್ಷಾರ್ಥವೆಂಬ ನಿಬಂಧನೆಯ ಮೇಲೆ ಸೇರಿಸಿಕೊಂಡರು. ಆಕೆ ಮುಂದೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ತಂದರು. ಪಾಲೆಯ ಪ್ರಸಂಗಕ್ಕೆ ಇನ್ನೂ ಹತ್ತಿರವಾದವರು ಕಲ್ಕತ್ತೆಯ ಅಸೀಮಾ ಚಟರ್ಜಿಯವರು. ಭಾರತೀಯ ವಿಶ್ವವಿದ್ಯಾಲಯವೊಂದರಿಂದ ವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ನಮ್ಮ ಮರಬಳ್ಳಿಗಳ ಆಲ್ಕಲಾಯ್ಡುಗಳನ್ನು ಜೀವಮಾನವಿಡೀ ಶೋಧಿಸಿದವರು. ಮಲೇರಿಯಾದ ಔಷಧಕ್ಕಾಗಿ ಅವರು ಪರೀಕ್ಷೆಗೆ ಎತ್ತಿಕೊಂಡ ಸಸ್ಯಗಳಲ್ಲಿ, ಆಟಿ ಅಮಾವಾಸ್ಯೆಯಂದು ನಮ್ಮ ಅಜ್ಜಿಯರು ಕಲ್ಲಿನಿಂದ ಅರೆಯುವ ಈ ಸಪ್ತಪರ್ಣವೂ ಒಂದು. ಅಜ್ಜಿಯ ಒರಳಿನಿಂದ ಆ ಪ್ರಯೋಗಶಾಲೆಯ ಗಾಜಿನ ನಳಿಗೆಯವರೆಗೆ ಇರುವ ದೂರವು, ನಾವು ಅಂದುಕೊಂಡಷ್ಟೇನೂ ಇಲ್ಲ.

ಈ ಸೀಮೆಯಲ್ಲಿ ಒಳಗೊಳ್ಳುವಿಕೆಯ ಮಾತಾಡುವವನು ಕಡಬ ತಾಲೂಕಿನ ಕೊಯಿಲವನ್ನು ದಾಟಿ ಹೋಗಲಾರ. 1980ರ ದಶಕದಿಂದ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೂಡ ಜನರ ಮಾತಿನಲ್ಲಿ ಮದ್ದೇ ಆಗಿತ್ತು. ಸುಪ್ರೀಂ ಕೋರ್ಟು ಅದನ್ನು 2011ರಲ್ಲಿ ದೇಶಾದ್ಯಂತ ತಡೆಹಿಡಿಯುವ ಹೊತ್ತಿಗೆ ಈ ಹಳ್ಳಿಗಳಲ್ಲಿ ಏಳಲಾರದ, ಮಾತಾಡಲಾರದ ಮಕ್ಕಳು ಹಾಸಿಗೆಯಲ್ಲಿಯೇ ದೊಡ್ಡವರಾಗಿದ್ದರು. ಅವರ ಹಗಲಿನ ಆರೈಕೆಗೆಂದು ಪಾಲನಾಕೇಂದ್ರಗಳು ಆರಂಭವಾದುದು ಕೊಯಿಲದಲ್ಲಿ, ಪಕ್ಕದ ಕೊಕ್ಕಡದಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಡಬೇಕೆಂದು ಹೇಳುತ್ತದೆ. ಒಂದು ಕಾಲು ಸೊಟ್ಟಗಿರುವ ಹುಡುಗನೊಬ್ಬನು ಆ ಸ್ಥಾನದಲ್ಲಿ ಬಂದು ಕುಳಿತರೆ, ಎರಡು ಗಂಟೆ ನಿಂತೇ ಮಾಡಬೇಕಾದ ಪ್ರಯೋಗಶಾಲೆಯ ಮೇಜಿನ ಎತ್ತರವನ್ನು ತಗ್ಗಿಸುವವರು ಯಾರು ಎಂಬುದು ಕಾಯಿದೆಯ ಪ್ರಶ್ನೆಯಲ್ಲ, ಬಡಗಿಯ ಪ್ರಶ್ನೆ. ಬಡಗಿಯನ್ನು ಕರೆಸುವುದು ಪ್ರಾಂಶುಪಾಲರಿಗೆ ಅಷ್ಟೇನೂ ಕಷ್ಟವಾಗಬಾರದು. ಯೂರೋಪಿನ ದೇಶಗಳು 2004ರ ನಿರ್ದೇಶನವೊಂದರಿಂದ ಔಷಧದ ಪೊಟ್ಟಣದ ಮೇಲೆ ಅದರ ಹೆಸರನ್ನು ಬ್ರೈಲ್ ಲಿಪಿಯಲ್ಲಿ ಒತ್ತಬೇಕೆಂದು ಗೊತ್ತುಮಾಡಿದುವು. ಕುರುಡರಿಗೂ ಜ್ವರ ಬರುತ್ತದೆಂಬುದು ಅಲ್ಲಿಯವರಿಗೆ ಆಗ ಹೊಳೆಯಿತೆಂದು ತೋರುತ್ತದೆ.

ಪರಿಷತ್ತು 2020ರಲ್ಲಿ ಹೊಸತಾಗಿ ರೂಪಿಸಿದ ಡಿ.ಫಾರ್ಮಾ ಪಠ್ಯದ ಮೊದಲ ವರ್ಷದಲ್ಲಿ ಸೋಷಿಯಲ್ ಫಾರ್ಮಸಿ ಎಂಬ ಒಂದು ವಿಷಯವನ್ನು ಸೇರಿಸಿದೆ. ಹೆಸರನ್ನು ನೋಡಿ ನನಗೆ ಸಂತೋಷವಾಯಿತು. ಅಂಕಗಳಿಗಾಗಿ ಬಾಯಿಪಾಠ ಮಾಡುವ ಇನ್ನೊಂದು ಪುಸ್ತಕವಾಗದೆ ಅದು ಉಳಿಯಬೇಕಾದರೆ, ವಿದ್ಯಾರ್ಥಿಗಳನ್ನು ಮಳೆಗಾಲದ ಒಂದು ವಾರ ಕೊಯಿಲಕ್ಕೆ, ಬೇಸಿಗೆಯ ಒಂದು ವಾರ ಬಿಳಿನೆಲೆಯ ಕಾಡಂಚಿಗೆ, ಇನ್ನೊಂದು ವಾರ ಸುಳ್ಯದ ರಬ್ಬರು ಕಾಲನಿಗೆ ಕರೆದೊಯ್ಯಬೇಕು; ಅಲ್ಲಿಯವರೇ ಆದ ವಿದ್ಯಾರ್ಥಿಗಳು ತರಗತಿಯಲ್ಲಿದ್ದರೆ ಕರೆದೊಯ್ಯುವ ಶ್ರಮವೂ ಉಳಿದೀತು. ಪಠ್ಯದಲ್ಲಿ, 'ಬೆಳಗಿನ ಆಹಾರಕ್ಕೆ ಅರ್ಧ ಗಂಟೆ ಮೊದಲು' ಎಂದು ಕೊಡತಕ್ಕ ಮಾತ್ರೆಗಳ ಒಂದು ಪಟ್ಟಿಯಿರುತ್ತದೆ. ರಬ್ಬರಿನ ಹಾಲು ಚೆನ್ನಾಗಿ ಇಳಿಯಬೇಕಾದರೆ ನಸುಕಿನಲ್ಲಿಯೇ ಮರ ಗೀರಬೇಕು. ಗೀರುವವರು ಬೆಳಕು ಹರಿಯುವ ಮೊದಲೇ ಒಂದು ಲೋಟ ಕಪ್ಪು ಚಹಾ ಕುಡಿದು, ತಲೆಗೆ ದೀಪ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಾರೆ. ಗೀರಿ, ಹಾಲು ಕೂಡಿಸಿ, ತೂಗಿಸಿ ಕೊಟ್ಟು ಮನೆಗೆ ಬಂದು ಉಣ್ಣುವಾಗ ಹೊತ್ತು ಹತ್ತೋ ಹನ್ನೊಂದೋ ಆಗಿರುತ್ತದೆ. ಆ ಮನೆಯ ಮಗಳೊಬ್ಬಳು ಎರಡನೆಯ ಸಾಲಿನ ಬೆಂಚಿನಿಂದ ಎದ್ದು, ತನ್ನ ಅಮ್ಮ ಆ ಮಾತ್ರೆಯನ್ನು ಚಹಾಕ್ಕೆ ಮೊದಲು ತಿನ್ನಬೇಕೋ, ತೋಟದಿಂದ ಬಂದ ಮೇಲೋ ಎಂದು ಕೇಳಿದರೆ, ಮೇಷ್ಟ್ರು ಪುಸ್ತಕದ ಪುಟ ತಿರುಗಿಸಿ ಪ್ರಯೋಜನವಿಲ್ಲ. ಅದರಲ್ಲಿ ಆ ಪುಟವೇ ಇಲ್ಲ.